ಗಡಿಯಿಲ್ಲದ ನಕ್ಷೆ

ದಖ್ಖನದ ಸುಲ್ತಾನರೊಬ್ಬರ ರಾಜ್ಯ ಸಮುದ್ರದಿಂದ ಸಮುದ್ರಕ್ಕೆ ಹಬ್ಬಿದ್ದ ಕಾಲವದು. ಗಡಿಸೈನ್ಯದ ಸರದಾರ ಹೈಬತ್ ಖಾನ ಆಸ್ಥಾನದ ನಕ್ಷೆಗಾರ ಬುರ್ಹಾನನನ್ನು ಕರೆಸಿದ.

"ಶುಕ್ರವಾರ ಹುಜೂರರಿಗೆ ರಾಜ್ಯದ ನಕ್ಷೆ ಒಪ್ಪಿಸಬೇಕು. ಅದರಲ್ಲಿ ಗಡಿ ಅಂತ ಒಂದು ಗೆರೆ ಕಂಡರೂ ನಿನ್ನ ಕೈ ಕತ್ತರಿಸುತ್ತೇನೆ. ನಾನು ಗೆದ್ದುಕೊಟ್ಟ ರಾಜ್ಯಕ್ಕೆ ಕೊನೆಯೇ ಇಲ್ಲ!"

ಬುರ್ಹಾನನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೆರೆ ಎಳೆದರೆ ಸರದಾರ ಬಿಡುವುದಿಲ್ಲ, ಎಳೆಯದಿದ್ದರೆ ಸುಳ್ಳು ನಕ್ಷೆ ತಂದೆಯೆಂದು ಸುಲ್ತಾನರು ಬಿಡುವುದಿಲ್ಲ. ಕುಂಚ ಅದ್ದುವನು, ಒರೆಸುವನು, ಎದ್ದು ಅಂಗಳ ಸುತ್ತುವನು. "ರೊಟ್ಟಿ ಆರಿಹೋಯ್ತು, ಬನ್ರೀ" ಎಂದು ಹೆಂಡತಿ ಸಕೀನಾ ಮೂರು ಸಲ ಕರೆದದ್ದು ಅವನ ಕಿವಿಗೇ ಬೀಳಲಿಲ್ಲ.

ಶುಕ್ರವಾರ ದರ್ಬಾರಿನಲ್ಲಿ ನಕ್ಷೆಯ ಬಟ್ಟೆ ಹಾಸಿದ. ನದಿ, ಬೆಟ್ಟ, ಕೋಟೆ ಎಲ್ಲ ಇದ್ದವು. ಆದರೆ ಅಂಚಿನಿಂದ ಅಂಚಿಗೆ ಒಂದೇ ಹಸಿರು.

"ಗಡಿ ಎಲ್ಲಿ?" ಎಂದರು ಸುಲ್ತಾನರು.

"ಗಡಿಯೇ ಇಲ್ಲ ಅಂತ ಸರದಾರರು ಹೇಳಿದರು, ಹುಜೂರ್. ಅಂದಮೇಲೆ ಆಚೆಗೆ ಶತ್ರುಗಳೂ ಇಲ್ಲ. ಇನ್ನು ಗಡಿಸೈನ್ಯಕ್ಕೂ ಅದರ ಸರದಾರರಿಗೂ ಏನು ಕೆಲಸವೋ, ಈ ಬಡವನಿಗೆ ತಿಳಿಯದು."

ಹೈಬತ್ ಖಾನನ ಮುಖ ಬಿಳಿಚಿತು. "ಶತ್ರುಗಳಿದ್ದಾರೆ ಹುಜೂರ್! ಈ ನದಿಯಾಚೆ ಎಲ್ಲ ಶತ್ರುಗಳೇ!" ಎಂದು ಮಂಡಿಯೂರಿ ತಾನೇ ಬೆರಳಿನಿಂದ ಗೆರೆ ಎಳೆದ.

"ಅಷ್ಟೇನಾ?" ಸುಲ್ತಾನರು ಹುಬ್ಬೇರಿಸಿದರು.

ಸರದಾರ ಗಾಬರಿಯಿಂದ ಬೆರಳನ್ನು ಕೋಟೆಗಳ ಮೇಲಿಂದ ದಾಟಿಸಿ ಈಚೆಗೆ ತಂದ. "ಈ ಬೆಟ್ಟದವರೆಗೂ ಇದ್ದಾರೆ!" ಬುರ್ಹಾನ ಆ ಬೆರಳಿನ ಹಿಂದೆಯೇ ಕುಂಚ ಓಡಿಸಿದ.

ಸುಲ್ತಾನರಿಗೆ ನಗು ತಡೆಯಲಾಗಲಿಲ್ಲ. "ಸಾಕು ನಿಲ್ಲಿಸಯ್ಯಾ ಖಾನ! ಕತ್ತಿ ಹಿರಿಯುವ ಮೊದಲೇ ನನ್ನ ಮೂರು ಕೋಟೆ ಬಿಟ್ಟುಕೊಟ್ಟೆಯಲ್ಲ!"