ಬಣ್ಣ ಮರಳುವ ತನಕ

ಹೊಳೆದಂಡೆಯ ಹಳೆಯ ಕಲ್ಲುಮಂಟಪಕ್ಕೆ ತಗಡಿನ ಮಾಡು ಇಳಿಸಿಕೊಂಡು ಪೂಜ್ಯ ಗುರುಸಿದ್ಧವ್ವ ತಾಯಿಯವರು ವಾಸವಾಗಿದ್ದರು. ಅದನ್ನು ಮಠವೆಂದು ಕರೆಯುತ್ತಿದ್ದವರು ಭಕ್ತರೇ ಹೊರತು ತಾಯಿಯವರಲ್ಲ. ಅಲ್ಲಿ ಪೀಠವಿರಲಿಲ್ಲ, ಪಾದುಕೆಯಿರಲಿಲ್ಲ. ದರ್ಶನ ಬೇಕೆಂದವರು ಅವರನ್ನು ಒಲೆಯ ಮುಂದೆಯೋ, ತೊಗರಿಬೇಳೆಯ ಮೊರದ ಮುಂದೆಯೋ ಹುಡುಕಬೇಕಿತ್ತು. ತಾಯಿಯವರ ಮಡಿಲಿಗೆ ಬಂದ ಕೂಸು ಅಳು ನಿಲ್ಲಿಸುತ್ತದೆಂಬ ಮಾತು ಸುತ್ತಲಿನ ಊರುಗಳಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವರು ಯಾರೆಂದು ಕೇಳಬೇಕಿಲ್ಲ. ನಮ್ಮಂಥ ಭಕ್ತರಿಗೆ ಅದಕ್ಕಿಂತ ಬೇರೆ ಕೆಲಸವೇನಿರುತ್ತದೆ?

ಒಂದು ಮುಂಜಾನೆ ಎಲೆಬಳ್ಳಿ ತೋಟದ ಮೈಲಾರಪ್ಪ ಹೆಂಡತಿ ಕೊಟ್ರವ್ವನೊಡನೆ ಅಲ್ಲಿಗೆ ಬಂದ. ಎಳೆಗೂಸು ಕೊಟ್ರವ್ವನ ಸೆರಗಿನೊಳಗಿತ್ತು. ಬಸ್ಸಿಳಿದಾಗಿನಿಂದ ಅವನು ತಾಯಿ ಮಗುವಿನಿಂದ ದೂರ ಸರಿದೇ ನಡೆದಿದ್ದ.

ಅವನ ಎದೆಯೊಳಗೊಂದು ಭಾರವಿತ್ತು. ಹೆಂಡತಿ ತುಂಬಿದ ಬಸುರಿಯಾಗಿದ್ದಾಗ ಅವನು ತೋಟದಲ್ಲಿ ನಾಗರಹಾವೊಂದನ್ನು ಕೊಂದಿದ್ದ. ಬಳ್ಳಿತೋಟವೆಂದ ಮೇಲೆ ತಂಪಿರುತ್ತದೆ, ತಂಪಿದ್ದಲ್ಲಿ ಹಾವಿರುತ್ತದೆ. ಕಂಡರೆ ಕೈಮುಗಿದು ಬೇರೆ ಸಾಲಿಗೆ ಹೋಗುವುದು ಅವನ ಮನೆತನದ ರೂಢಿ. ಆ ದಿನ ಕಾಲಬುಡದಲ್ಲೇ ಹೆಡೆಯೆತ್ತಿದ್ದರಿಂದ ಕೈಯಲ್ಲಿದ್ದ ಗುದ್ದಲಿ ಬೀಸಿಬಿಟ್ಟ. ಆಮೇಲೆ ಮಗ ಹುಟ್ಟಿದ. ಮೊದಲ ಸಲ ಎತ್ತಿಕೊಂಡಾಗ ಕೂಸು ಚಿಟ್ಟನೆ ಚೀರಿತು. ತುಟಿ ನೀಲಿಗಟ್ಟಿತು, ಉಗುರೂ ನೀಲಿಗಟ್ಟಿತು. ಮೈಲಾರಪ್ಪ ಹೌಹಾರಿ ಅದನ್ನು ಹೆಂಡತಿಯ ಮಡಿಲಿಗೆ ಹಾಕಿ ಹೊರಗೋಡಿದ. ಮತ್ತೊಮ್ಮೆ ಎತ್ತಿಕೊಂಡಾಗಲೂ ಹಾಗೆಯೇ ಆಯಿತು. ಹಾವು ಕಡಿದು ಸತ್ತವರನ್ನು ಅವನು ಕಂಡಿದ್ದ. ವಿಷ ತನ್ನ ಕೈಯಲ್ಲಿಯೇ ಉಳಿದಿದೆ, ಮುಟ್ಟಿದರೆ ಮಗನಿಗೆ ಏರುತ್ತದೆ ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಆಸ್ಪತ್ರೆಗೆ ತೋರಿಸದೆ ಇರಲಿಲ್ಲ. ಎದೆಗೆ ಯಂತ್ರವಿಟ್ಟು ನೋಡಿದ ಡಾಕ್ಟರಮ್ಮ ಹೃದಯದಲ್ಲಿ ಒಂದು ಸಣ್ಣ ಕಿಂಡಿಯಿದೆ ಎಂದಿದ್ದರು. ಹೊಟ್ಟೆಯೊಳಗಿರುವಾಗ ಎಲ್ಲ ಕೂಸುಗಳಿಗೂ ಇರುವಂಥದ್ದೇ, ಹುಟ್ಟಿದ ಮೇಲೆ ಮುಚ್ಚಿಕೊಳ್ಳುತ್ತದೆ, ಇವನದು ಇನ್ನೂ ಮುಚ್ಚಿಲ್ಲ. ಜೋರಾಗಿ ಅತ್ತಾಗ ನೀಲಿಯಾಗಿ, ಅಳು ನಿಂತ ಮೇಲೆ ಸರಿಹೋಗುತ್ತದೆ, ಹೆದರುವಂಥದ್ದಲ್ಲ ಎಂದು ಬಿಡಿಸಿ ಹೇಳಿದ್ದರು. ಮೈಲಾರಪ್ಪ ತಲೆಯಾಡಿಸಿದ್ದ. ಆದರೆ ಆಕೆಗೆ ಹಾವಿನ ಸಂಗತಿ ಗೊತ್ತಿರಲಿಲ್ಲವಲ್ಲ!

ತಾಯಿಯವರು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಮೈಲಾರಪ್ಪ ಅಡ್ಡಬಿದ್ದು ಎಲ್ಲವನ್ನೂ ನಿವೇದಿಸಿಕೊಂಡ. ಶಾಂತಿ ಮಾಡಿಸಲು ಅವನು ಬಂದಿರಲಿಲ್ಲ. ಮನೆಯನ್ನೇ ಬಿಡುತ್ತೇನೆ, ಇಲ್ಲಿ ಸೆಗಣಿ ಬಾಚಿಕೊಂಡು, ನೀರು ಹೊತ್ತುಕೊಂಡು ಸಾಯುವ ತನಕ ಸೇವೆ ಮಾಡುತ್ತೇನೆ, ನಾನು ದೂರವಿದ್ದರೆ ಮಗ ಉಳಿಯುತ್ತಾನೆ ಎಂದ. ಕೂತಿದ್ದ ಭಕ್ತರು ಅವನ ವೈರಾಗ್ಯಕ್ಕೆ ತಲೆದೂಗಿದರು. ಕೊಟ್ರವ್ವ ತಲೆದೂಗಲಿಲ್ಲ. ಅವಳ ಕಣ್ಣಲ್ಲಿ ನೀರಿಗಿಂತ ಸಿಟ್ಟೇ ಹೆಚ್ಚಿತ್ತು.

ತಾಯಿಯವರು ಕೊಟ್ರವ್ವನ ಕಡೆ ತಿರುಗಿದರು. ಡಾಕ್ಟರು ಏನಂದರೆಂದು ಕೇಳಿ, ಅವಳು ಹೇಳಿದ್ದನ್ನೆಲ್ಲ ಕೊನೆಯ ತನಕ ಕೇಳಿಸಿಕೊಂಡರು. ಹಾಲು ಚೆನ್ನಾಗಿ ಕುಡಿಯುತ್ತದೆಯೇ ಎಂದು ವಿಚಾರಿಸಿದರು. ಬಳಿಕ ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡರು.

ಕೂಸು ಕಣ್ಣು ಬಿಟ್ಟಿತು. ಹೊಸ ಮುಖ ನೋಡಿ ತುಟಿ ಸೊಟ್ಟ ಮಾಡಿತು. ನಂತರ ಮಂಟಪವೇ ಗುಂಯ್ಗುಡುವಂತೆ ಚೀರತೊಡಗಿತು. ನೋಡನೋಡುತ್ತಿದ್ದಂತೆ ಬಾಯ ಸುತ್ತ ನೀಲಿ ಏರಿತು. ಭಕ್ತರ ಮುಖಗಳು ಇಳಿದುಹೋದವು. ತಾಯಿಯವರ ಕೈಯಲ್ಲಿಯೇ ಹೀಗಾದರೆ ನಾಳೆ ಊರಿಗೆ ಏನು ಹೇಳುವುದೆಂಬ ಚಿಂತೆ ಪಾಪ ಅವರಿಗೆ. ತಾಯಿಯವರು ಮಾತ್ರ ಅಳುವ ಕೂಸನ್ನು ಪ್ರೀತಿಯಿಂದ ನೋಡಿ, ಮೈಲಾರಪ್ಪನ ಕಡೆ ತಿರುಗಿದರು.

"ನಾ ಯಾವ ಹಾವು ಕೊಂದಿದ್ನೋ ತಮ್ಮಾ?"

ತಾಯಿಯವರು ಕೂಸನ್ನು ಅವನ ತೋಳಿನಲ್ಲಿಟ್ಟರು. ಅವನು ಅದನ್ನು ಹೆಂಡತಿಯ ಕಡೆ ಚಾಚಿದ. ತಾಯಿಯವರು ಅವನ ಮೊಣಕೈ ಹಿಡಿದು ತಡೆದರು.

"ಬಣ್ಣ ಹೋಗೋದನ್ನಷ್ಟ ನೋಡಿ ಓಡೀದಿ. ಬರೋದನ್ನೂ ನೋಡು."

ಮೈಲಾರಪ್ಪ ಅಲ್ಲೇ ಕೂತ. ಓಡಲು ಕಾಲುಗಳು ತುಡಿಯುತ್ತಿದ್ದವು, ಆದರೆ ಕೈಯಲ್ಲಿ ಮಗನಿದ್ದ. ಜೀವಮಾನದಲ್ಲಿ ಅಷ್ಟು ಹೆದರಿಕೆಯನ್ನು ಅವನು ಅನುಭವಿಸಿರಲಿಲ್ಲ. ಹೆಡೆಯೆತ್ತಿದ ಹಾವಿನೆದುರೂ ಅಷ್ಟು ಹೆದರಿರಲಿಲ್ಲ. ಕೂಸು ಚೀರಿತು, ಬಿಕ್ಕಿತು, ದಣಿಯಿತು. ಅಳು ನರಳಾಟವಾಯಿತು, ಅದೂ ನಿಂತಿತು. ಆಗ ಅವನು ಎಂದೂ ಕಾಣದ್ದನ್ನು ಕಂಡ. ತುಟಿಯ ಅಂಚಿನಿಂದ ನೀಲಿ ಮೆಲ್ಲಗೆ ಸರಿಯಿತು. ಕೆಂಪು ಮೊದಲು ತುಟಿಗೆ, ಆಮೇಲೆ ಕೆನ್ನೆಗೆ ಬಂತು. ಅದೆಲ್ಲ ನಡೆದದ್ದು ಅವನ ಕೈಯಲ್ಲಿ, ಗುದ್ದಲಿ ಬೀಸಿದ ಅದೇ ಕೈಯಲ್ಲಿ. ಅವನು ಬಿಕ್ಕಿಬಿಕ್ಕಿ ಅತ್ತ. ಕೂಸು ಆ ಸದ್ದಿಗೂ ಬೆಚ್ಚದೆ ನಿದ್ದೆ ಹೋಯಿತು.

ಹಾವಿಗೆ ಮರುಗಿದ್ದು ತಪ್ಪಲ್ಲ, ಇನ್ನು ಮುಂದೆ ತೋಟದಲ್ಲಿ ನೋಡಿ ಹೆಜ್ಜೆಯಿಡು ಎಂದರು ತಾಯಿಯವರು. ಡಾಕ್ಟರು ಮತ್ತೆ ಬಾ ಎಂದ ದಿನ ತಪ್ಪಿಸಬಾರದು, ನೀಲಿ ಇಳಿಯದಿದ್ದರೆ, ಹಾಲು ಬಿಟ್ಟರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, ತಮ್ಮ ಬಳಿ ಬಂದು ಹೊತ್ತು ಕಳೆಯಬಾರದು ಎಂದೂ ಎಚ್ಚರಿಸಿದರು. ಮಠದ ಸೇವೆಯ ಮಾತನ್ನು ಅವನೂ ಮತ್ತೆ ಎತ್ತಲಿಲ್ಲ. ತಾಯಿಯವರು ಮೊರದ ಮುಂದೆ ಹೋಗಿ ಕೂತರು.

ಮರಳುವ ಬಸ್ಸಿನಲ್ಲಿ ಕೂಸು ಮತ್ತೆ ಎದ್ದು ರಂಪ ಮಾಡಿತು. ಪಕ್ಕದ ಸೀಟಿನ ಮುದುಕಿ ಅದರ ಮುಖ ನೋಡಿ ಗಾಬರಿಯಾಗಿ, ಇದೇನು ಹೀಗೆ ನೀಲಿಗಟ್ಟಿದೆ, ತಾಯಿಯ ಕೈಗೆ ಕೊಡು ಎಂದು ಒತ್ತಾಯಿಸಿದಳು. ಕೊಟ್ರವ್ವ ಕೈ ಚಾಚಿದಳು. ಮೈಲಾರಪ್ಪ ಮಗನನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ.

"ನನ್ನ ಮಗಾ ರೀ ಅವ್ವಾ," ಎಂದ. "ಒಂದೀಟು ತಡೀರಿ. ಕೆಂಪಾಗ್ತಾನ."