ಅಂಗಾತ ಬಿದ್ದ ಆಮೆಯ ಬಗ್ಗೆ ವಿಚಾರಗೋಷ್ಠಿ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಎಲ್ಲಕ್ಕೂ ಕೊರತೆ. ಹುಲ್ಲು ಒಣಗುತ್ತಿತ್ತು, ಹಣ್ಣು ಮುಗಿಯುತ್ತಿತ್ತು, ಕೆರೆಯ ನೀರು ಕೆಳಗಿಳಿಯುತ್ತಿತ್ತು. ಮಾತಿಗೆ ಮಾತ್ರ ಯಾವ ಕಾಲದಲ್ಲೂ ಬರವಿರಲಿಲ್ಲ.

ಆ ಕಾಡಿನ ಕೆರೆಯಲ್ಲಿ ಒಂದು ಮುದಿ ಆಮೆ ಇತ್ತು. ಎಲ್ಲರೂ ಚಿಪ್ಪಜ್ಜ ಎಂದು ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಚಿಪ್ಪಜ್ಜ ಮೈ ಕಾಯಿಸಿಕೊಳ್ಳಲು ದಡದ ಹಾಸುಬಂಡೆ ಹತ್ತಿ ಕೂತಿದ್ದ. ಹಿಂದಿನಿಂದ ನರಿ ಮೆಲ್ಲಗೆ ಬಂತು. ಮೂತಿ ಕೊಟ್ಟು ಎತ್ತಿ ಅವನನ್ನು ಮಗುಚಿ ಹಾಕಿತು. ಪಾಪ, ಚಿಪ್ಪಜ್ಜ ಅಂಗಾತ ಬಿದ್ದ. ನಾಲ್ಕು ಕಾಲೂ ಆಕಾಶಕ್ಕೆ! ಅಷ್ಟು ವಯಸ್ಸಾದ ಆಮೆ ಹಾಗೆ ಬಿದ್ದರೆ ತಾನಾಗಿ ಏಳುವುದುಂಟೇ? ನರಿ ಕಚ್ಚಲು ಹೋಯಿತು. ಚಿಪ್ಪಜ್ಜ ತಲೆ ಕಾಲು ಎಲ್ಲ ಒಳಗೆಳೆದುಕೊಂಡ. ನರಿಯ ಹಲ್ಲಿಗೆ ಬರೀ ಚಿಪ್ಪು ಸಿಕ್ಕಿತು.

"ಇರಲಿ ಬಿಡಜ್ಜ, ನನಗೇನೂ ಅವಸರವಿಲ್ಲ. ಬಿಸಿಲೇರಲಿ. ಬಂಡೆ ಕಾದರೆ ನೀನೇ ತಲೆ ಹೊರಗೆ ಹಾಕ್ತೀಯ" ಎಂದು ನರಿ ನೆರಳಲ್ಲಿ ಕಾಲು ಚಾಚಿತು.

ಅಷ್ಟರಲ್ಲಿ ಕರಡಿಯಕ್ಕ ನೀರು ಕುಡಿಯಲು ಬಂದಳು. "ಏನೋ ಇದು? ಅಜ್ಜ ಯಾಕೆ ಹೀಗೆ ಬಿದ್ದಿದ್ದಾನೆ? ಸರಿ ಆ ಕಡೆ, ಒಂದು ಕೈ ಹಾಕಿದರೆ ಎದ್ದು ಕೂರ್ತಾನೆ" ಎಂದಳು.

ನರಿ ದಡಬಡಿಸಿ ಎದ್ದಿತು. ನಿಜ ಗೊತ್ತಾದರೆ ಕರಡಿಯ ಕೈಗೆ ಸಿಕ್ಕಿ ಹಪ್ಪಳವಾಗಬೇಕಷ್ಟೆ! ಆದರೆ ನರಿಯ ಬುದ್ಧಿ ಕೇಳಬೇಕೆ? ತಕ್ಷಣ ಮುಖ ಗಂಭೀರ ಮಾಡಿಕೊಂಡಿತು.

"ಮುಟ್ಟಬೇಡಿ ಅಕ್ಕಾ! ಇವತ್ತು ಈ ಅಜ್ಜನನ್ನು ಎತ್ತುತ್ತೀರಿ. ನಾಳೆ ಇನ್ನೊಂದು ಆಮೆ ಬಿದ್ದರೆ? ನಾಡಿದ್ದು ಮತ್ತೊಂದು? ಇದು ಒಬ್ಬ ಅಜ್ಜನ ಕಷ್ಟವಲ್ಲ, ಇಡೀ ಸಮಾಜದ ಸಮಸ್ಯೆ. ತಜ್ಞರನ್ನು ಕರೆಸಿ ವಿಚಾರಗೋಷ್ಠಿ ಮಾಡಬೇಕು. ಜನಕ್ಕೆ ನಿದ್ದೆ ಬರಬಾರದು, ಒಬ್ಬ ಹಾಸ್ಯಗಾರನೂ ಇರಲಿ. ನೀವೇ ಅಧ್ಯಕ್ಷರು!"

"ನಾನಾ?" ಎಂದಳು ಕರಡಿಯಕ್ಕ.

ಅವಳನ್ನು ಅದುವರೆಗೆ ಯಾರೂ ಯಾವುದಕ್ಕೂ ಅಧ್ಯಕ್ಷೆ ಮಾಡಿರಲಿಲ್ಲ. ಮೈಮೇಲಿನ ರೋಮವೆಲ್ಲ ನೆಟ್ಟಗಾಯಿತು. ಆಮೆಯನ್ನು ಎತ್ತಬೇಕೆಂಬುದೇ ಮರೆತುಹೋಯಿತು.

"ಕರಡಿಯಕ್ಕಾ, ಈ ನರೀನೇ ನನ್ನನ್ನ..." ಎಂದು ಚಿಪ್ಪಜ್ಜ ಚಿಪ್ಪಿನೊಳಗಿಂದ ಕೂಗಿದ.

"ಸಭಿಕರ ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ, ಅಜ್ಜ" ಎಂದು ನರಿ ಅವನ ಬಾಯಿ ಮುಚ್ಚಿಸಿತು.

ಸುದ್ದಿ ಕಾಡೆಲ್ಲ ಹಬ್ಬಿತು. ಜಿಂಕೆ, ಮೊಲ, ಹಂದಿ, ನವಿಲು ಎಲ್ಲ ಓಡೋಡಿ ಬಂದು ನೆರಳಿದ್ದ ಕಡೆ ಜಾಗ ಹಿಡಿದವು. ಬಿಸಿಲಲ್ಲಿದ್ದವನು ಚಿಪ್ಪಜ್ಜ ಒಬ್ಬನೇ. ನರಿ ಕಾಡುಹೂವಿನ ಹಾರ ತಂದು ಕರಡಿಯಕ್ಕನ ಕೊರಳಿಗೆ ಹಾಕಿತು. ಕೋಗಿಲೆ ಪ್ರಾರ್ಥನೆ ಹಾಡಿತು. ನರಿಯ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಬಂಡೆ ಬೆಚ್ಚಗಾಗಿತ್ತು.

ಮೊದಲು ಗೂಬೆ ಪಂಡಿತರು ಎದ್ದರು. ಅವರಿಗೆ ಹಗಲು ಹೊತ್ತು ಕಣ್ಣು ಕಾಣದು. ಹಾಗೆಂದು ಹೇಳಿಕೊಳ್ಳುವ ಪೈಕಿಯೂ ಅವರಲ್ಲ. ಬಂಡೆಯ ಪಕ್ಕದ ಹುತ್ತದ ಕಡೆ ರೆಕ್ಕೆ ತೋರಿಸಿ, "ನಮ್ಮ ಮುಂದೆ ಬಿದ್ದಿರುವ ಈ ಬಡಪಾಯಿ ಆಮೆಯನ್ನು ನೋಡಿ. ಎರಡೇ ಮಾತಿನಲ್ಲಿ ಮುಗಿಸುತ್ತೇನೆ" ಎಂದರು. ಅಯ್ಯೋ ದೇವರೇ! ಹಾಗೆಂದವರು ಯಾವತ್ತಾದರೂ ಎರಡು ಮಾತಿಗೆ ನಿಲ್ಲಿಸಿದ್ದುಂಟಾ?

"ಬೀಳುವುದು ಎಂದರೇನು? ಏಳುವುದು ಎಂದರೇನು? ನಮ್ಮ ತಾತ ಮುತ್ತಾತಂದಿರ ಕಾಲದಲ್ಲಿ ಆಮೆಗಳು ಬೀಳುತ್ತಿದ್ದವೇ? ಇಲ್ಲ! ಈಗಿನ ಆಮೆಗಳಿಗೆ ಸಂಸ್ಕಾರ ಸಾಲದು."

ಮೊಲಗಳು ಚಪ್ಪಾಳೆ ತಟ್ಟಿದವು.

"ಸ್ವಾಮೀ, ನಾನು ತಾತನ ಕಾಲದವನೇ. ಬೆನ್ನು ಸುಡ್ತಿದೆ, ಮಗುಚಿ ಹಾಕಿ" ಎಂದ ಚಿಪ್ಪಜ್ಜ.

"ಆಮೆಯ ಧ್ವನಿ ಬೇರೆ ಕಡೆಯಿಂದ ಬರುತ್ತಿದೆಯಲ್ಲ! ಇದೂ ಅಧ್ಯಯನ ಮಾಡಬೇಕಾದ ವಿಷಯ" ಎಂದು ಪಂಡಿತರು ಮತ್ತೆ ಶುರುಮಾಡಿಕೊಂಡರು.

ಎರಡನೆಯ ತಜ್ಞ ಹೆಬ್ಬಾತು. ಚಳಿಗಾಲಕ್ಕೆಂದು ಹಿಮಾಲಯ ದಾಟಿ ಬಂದು ಇನ್ನೂ ಹಿಂದಿರುಗದ ಹಕ್ಕಿ, ನಾಲ್ಕು ದೇಶ ಕಂಡದ್ದು. ಕೊರಳು ಉದ್ದ ಮಾಡಿ, "ನಮ್ಮ ಕಡೆ ಈ ಸಮಸ್ಯೆಯನ್ನು ಪೂರ್ತಿ ಬಗೆಹರಿಸಿದ್ದಾರೆ" ಎಂದಿತು.

"ಹೌದಾ? ಹೇಗೆ?" ಎಂದು ಕರಡಿಯಕ್ಕ ಆಸೆಯಿಂದ ಕೇಳಿದಳು.

"ನಮ್ಮ ಕಡೆ ಆಮೆಗಳೇ ಇಲ್ಲ."

"ಆಹಾ! ಎಂಥ ಮುಂದುವರಿದ ದೇಶ!" ಎಂದು ಜಿಂಕೆಗಳು ತಲೆದೂಗಿದವು.

ಬಿಸಿಲು ನೆತ್ತಿಗೆ ಬಂತು. ಬಂಡೆ ರೊಟ್ಟಿ ಬೇಯಿಸುವ ಹಂಚಿನ ಹಾಗೆ ಕಾಯಿತು. ಚಿಪ್ಪಜ್ಜನಿಗೆ ಒಳಗೆ ಉಸಿರು ಕಟ್ಟಿತು. ಒಂದೊಂದೇ ಕಾಲು ಹೊರಗೆ ಬಂತು. "ಸಾಯ್ತಿದ್ದೀನ್ರಪ್ಪೋ, ಯಾರಾದರೂ ಮಗುಚಿ ಹಾಕ್ರೋ!" ಎಂದು ಅರಚಿದ. ಕರಡಿಯಕ್ಕ ಅರ್ಧ ಎದ್ದಳು.

"ಛೆ ಛೆ! ಅಧ್ಯಕ್ಷರು ಮಧ್ಯದಲ್ಲಿ ಏಳುವ ಪದ್ಧತಿ ಇಲ್ಲ. ನಿಮ್ಮದು ಕೊನೆಗೆ" ಎಂದಿತು ನರಿ. ಕರಡಿಯಕ್ಕ ಹಾರ ಸರಿಮಾಡಿಕೊಂಡು ಕೂತಳು.

ಆಮೇಲೆ ಬಂದ ನೋಡಿ ಹಾಸ್ಯಗಾರ, ಕೋತಿ ಚೇಷ್ಟಪ್ಪ! ಬಂಡೆಯ ಪಕ್ಕದ ಕೊಂಬೆಯ ಮೇಲೆ ಕೂತು ಶುರುಮಾಡಿದ. "ಇಷ್ಟು ವರ್ಷ ಅಜ್ಜ ಮನೆ ಹೊತ್ತುಕೊಂಡು ತಿರುಗಿದ. ಇವತ್ತು ಮನೆಯೇ ಅಜ್ಜನನ್ನು ಹೊತ್ತುಕೊಂಡಿದೆ!" ಸಭೆ ಘೊಳ್ಳೆಂದು ನಕ್ಕಿತು. "ನನ್ನ ಹೆಂಡತಿ ಕಣ್ಣು ಬಿಟ್ಟರೆ ನಾನೂ ಹೀಗೇ ಬೀಳ್ತೀನಿ. ಏನು ಮಾಡೋದು, ಒಳಗೆ ಸೇರಿಕೊಳ್ಳೋಕೆ ನನಗೆ ಚಿಪ್ಪಿಲ್ಲ!" ಹೆಂಡತಿಯನ್ನು ಎಳೆದು ತರದಿದ್ದರೆ ಈ ಹಾಸ್ಯಗಾರರಿಗೆ ಹಾಸ್ಯವೇ ಹುಟ್ಟದೋ ಏನೋ! ಅದಕ್ಕೂ ಎಲ್ಲರೂ ನಕ್ಕರು.

"ಮಗುಚಿ ಹಾಕ್ರೋ..." ಎಂದ ಚಿಪ್ಪಜ್ಜ.

"ಮಗುಚಿ ಹಾಕ್ರೋ..." ಎಂದು ಚೇಷ್ಟಪ್ಪ ಅದೇ ಧ್ವನಿಯಲ್ಲಿ ಅಣಕಿಸಿದ. ಹಂದಿ ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗಾಯಿತು. ಚಿಪ್ಪಜ್ಜ ಮತ್ತೆ ಕೂಗಲಿಲ್ಲ. ಅವನ ಕೊರಳು ಹೊರಗೆ ಬಂದು ಬಂಡೆಯ ಮೇಲೆ ಜೋತುಬಿತ್ತು. ನರಿ ತುಟಿ ಸವರಿಕೊಂಡಿತು. ಇನ್ನು ಅಧ್ಯಕ್ಷ ಭಾಷಣ, ವಂದನಾರ್ಪಣೆ ಮುಗಿದರೆ ಎಲ್ಲರೂ ಮನೆಗೆ, ತಾನು ಊಟಕ್ಕೆ.

"ಬಿದ್ದು ತೋರಿಸು ಚೇಷ್ಟಪ್ಪ! ಅಜ್ಜನ ಹಾಗೆ ಬಿದ್ದು ತೋರಿಸು!" ಎಂದು ಸಭೆ ಕೂಗಿತು.

ಅಷ್ಟು ಜನ ಕೇಳುವಾಗ ಹಾಸ್ಯಗಾರ ಸುಮ್ಮನಿರುತ್ತಾನೆಯೇ? ಕೊಂಬೆಯಿಂದ ಹಾರಿ ಚಿಪ್ಪಜ್ಜನ ಪಕ್ಕದಲ್ಲಿ ಅಂಗಾತ ಬಿದ್ದ.

"ಅಯ್ಯಯ್ಯಪ್ಪಾ!" ಎಂದು ಚಂಗನೆ ಎದ್ದ. ಬೆನ್ನು ಚುರುಗುಟ್ಟಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು.

"ನಗಬೇಡ್ರೋ, ನಿಜವಾಗ್ಲೂ ಸುಟ್ಟಿತು!"

ಇನ್ನೂ ಜೋರಾಗಿ ನಕ್ಕರು.

"ತಮಾಷೆ ಅಲ್ಲ, ನನ್ನಾಣೆ! ಬೆನ್ನು ನೋಡ್ರೋ!"

ನವಿಲಿಗೆ ನಗುವಿನಲ್ಲಿ ಕಣ್ಣೀರೇ ಬಂತು. ಜನರ ನಗು ಚೇಷ್ಟಪ್ಪನಿಗೆ ಚುಚ್ಚಿದ್ದು ಅದೇ ಮೊದಲು. ಅವನು ತಿರುಗಿ ಚಿಪ್ಪಜ್ಜನನ್ನು ನೋಡಿದ. ಅಜ್ಜನ ಕಣ್ಣು ಅರ್ಧ ಮುಚ್ಚಿತ್ತು. 'ನನಗೆ ಒಂದು ಗಳಿಗೆ ತಡೆಯಲಾಗಲಿಲ್ಲ. ಇವನು ಬೆಳಿಗ್ಗೆಯಿಂದ ಇಲ್ಲೇ ಬಿದ್ದಿದ್ದಾನಲ್ಲ!' ಎನಿಸಿ ಅವನಿಗೆ ಅಳು ಬಂತು. ಯಾರನ್ನೂ ಕೇಳದೆ ಎರಡೂ ಕೈಗಳನ್ನು ಚಿಪ್ಪಿನ ಕೆಳಗೆ ತೂರಿಸಿದ.

"ಏಯ್, ಏಯ್! ಅಧ್ಯಕ್ಷ ಭಾಷಣ ಬಾಕಿ ಇದೆ!" ಎಂದು ನರಿ ಅಡ್ಡ ಬಂತು.

ಚೇಷ್ಟಪ್ಪ ಹಲ್ಲು ಕಚ್ಚಿ ಎತ್ತಿದ. ಚಿಪ್ಪಜ್ಜ ದಬಕ್ಕನೆ ಮಗುಚಿಕೊಂಡ. ಕಣ್ಣು ಬಿಟ್ಟರೆ ಎದುರಿಗೇ ನರಿಯ ಬಾಲ. ಮೈಯಲ್ಲಿ ಉಳಿದಿದ್ದ ಶಕ್ತಿಯೆಲ್ಲ ಒಟ್ಟುಮಾಡಿ ಅಜ್ಜ ಅದನ್ನು ಕಚ್ಚಿ ಹಿಡಿದ.

"ಅಯ್ಯೋ ಸತ್ತೆ! ಬಿಡಜ್ಜ, ನಿನ್ನ ದಮ್ಮಯ್ಯ! ಇನ್ನೊಂದು ಸಲ ನಿನ್ನನ್ನ ಮಗುಚಿ ಹಾಕಲ್ಲ!" ಎಂದು ನರಿ ಊಳಿಟ್ಟಿತು.

ಸಭೆಯ ನಗು ಗಕ್ಕನೆ ನಿಂತಿತು.

"ಇನ್ನೊಂದು ಸಲ?" ಎನ್ನುತ್ತಾ ಕರಡಿಯಕ್ಕ ನಿಧಾನಕ್ಕೆ ಎದ್ದಳು. "ಹಾಗಾದರೆ ಮೊದಲನೇ ಸಲ ಹಾಕಿದ್ದು ಯಾರೋ?"

ಬಾಯಿ ಬಿಟ್ಟರೆ ಬಣ್ಣಗೇಡು! ಕರಡಿಯಕ್ಕ ಹಾರ ಕಿತ್ತೆಸೆದು, "ಈಗ ಅಧ್ಯಕ್ಷ ಭಾಷಣ" ಎಂದು ಒಂದೇ ಒಂದು ಏಟು ಕೊಟ್ಟಳು. ಅಷ್ಟು ಚುಟುಕಾದ ಅಧ್ಯಕ್ಷ ಭಾಷಣವನ್ನು ಆ ಕಾಡಿನಲ್ಲಿ ಯಾರೂ ಕೇಳಿರಲಿಲ್ಲ. ನರಿ ಹಾರಿ ಮುಳ್ಳಿನ ಪೊದೆಗೆ ಬಿತ್ತು. ಬಾಲದ ತುದಿ ಚಿಪ್ಪಜ್ಜನ ಬಾಯಲ್ಲೇ ಉಳಿಯಿತು. ನರಿ ಕುಂಟುತ್ತಾ ಓಡಿದ್ದು, ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ಕರಡಿಯಕ್ಕನೂ ಚೇಷ್ಟಪ್ಪನೂ ಚಿಪ್ಪಜ್ಜನನ್ನು ಹೊತ್ತು ಕೆರೆಗೆ ಇಳಿಸಿದರು. ಅಜ್ಜ ಬಹಳ ಹೊತ್ತು ನೀರು ಕುಡಿದ. "ಒಂದು ಹೂವಿನ ಹಾರಕ್ಕೆ ಮರುಳಾದೆನಲ್ಲಜ್ಜ" ಎಂದು ಕರಡಿಯಕ್ಕ ಮುಖ ಮುಚ್ಚಿಕೊಂಡಳು. ಚೇಷ್ಟಪ್ಪ ನೀರಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ತಪ್ಪಾಯ್ತಜ್ಜ. ನೀನು ಸಾಯುತ್ತಿದ್ದೆ, ನಾನು ನಿನ್ನ ಮೇಲೆ ನಗೆಚಟಾಕಿ ಹಾರಿಸುತ್ತಾ ಕೂತಿದ್ದೆ."

ಚಿಪ್ಪಜ್ಜ ನೀರಿನಿಂದ ತಲೆ ಎತ್ತಿ ಹೇಳಿದ: "ಮನೆಯೇ ನನ್ನನ್ನು ಹೊತ್ತಿದೆ ಅಂದೆಯಲ್ಲ, ಅದು ಚೆನ್ನಾಗಿತ್ತು ಕಣೋ. ಮೊದಲು ನನ್ನನ್ನು ಎತ್ತಿ, ಆಮೇಲೆ ಹೇಳಿದ್ದರೆ ನಾನೂ ನಗುತ್ತಿದ್ದೆ."

ನೀತಿ: ಬಿದ್ದವರನ್ನು ಮೊದಲು ಎತ್ತಬೇಕು, ಭಾಷಣವೂ ನಗುವೂ ಆಮೇಲೆ.