ಬಳಚು ಯಾರದು

"ಗುರುಗಳೇ, ಮುಟ್ಟಿದರೆ ಕಲ್ಲಿನ ಹಾಗಿದೆ. ಇದನ್ನು ಮೃದ್ವಂಗಿ ಎಂದು ಯಾಕೆ ಕರೆದರು?"

ತಿಪ್ಪೇಶ ಅಂಗೈ ಚಾಚಿ ಬಳಚಿನ ಖಾಲಿ ಚಿಪ್ಪೊಂದನ್ನು ತೋರಿಸಿದ. ಬಯಲುಸೀಮೆಯ ಹುಡುಗ, ಕಡಲು ಕಂಡದ್ದು ಅದೇ ಮೊದಲು. ಬೆಳಗಿನಿಂದ ಕಂಡದ್ದಕ್ಕೆಲ್ಲ ಹೆಸರು ಕೇಳುತ್ತಲೇ ಇದ್ದ. ಗುರು ನಡಿಗೆ ನಿಲ್ಲಿಸದೆ ಕತೆ ಶುರುಮಾಡಿದರು.

ಹೊಳೆ ಕಡಲು ಸೇರುವ ಊರೊಂದರಲ್ಲಿ ಬಳಚು ಹೆಕ್ಕುವವಳೊಬ್ಬಳು, ಸುಣ್ಣ ಸುಡುವವನೊಬ್ಬ ಇದ್ದರು. ನೀರಿಳಿದಾಗ ಅವಳು ಕೆಸರಿಗಿಳಿದು ಬಳಚು ಹೆಕ್ಕುವಳು. ಬೇಯಿಸಿ ಮಾಂಸ ಮಾರುವಳು; ಚಿಪ್ಪು, ಸುಟ್ಟು ಸುಣ್ಣ ಮಾಡಲು, ಅವನ ಗೂಡಿಗೆ. ಊರಿನ ಕಟ್ಟಳೆಯೇ ಹಾಗೆ. ಮಾಂಸ ಮಾರಿದರೆ ಅವಳ ಮನೆಯ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಒಂದು ದಿನ ಸುಣ್ಣದವನಿಗೆ ಆಸೆ ಹತ್ತಿತು. ಅವಳ ಬುಟ್ಟಿಯನ್ನೇ ಕಿತ್ತುಕೊಂಡ. "ಬಳಚು ಅಂದರೆ ಚಿಪ್ಪು. ಒಳಗಿನದು ಅದಕ್ಕೆ ಮೆತ್ತಿಕೊಂಡ ಕೊಳೆ. ಚಿಪ್ಪು ನನ್ನದಾದ ಮೇಲೆ ಪ್ರಾಣಿಯೇ ನನ್ನದು" ಎಂದ. ಮಾತು ಊರ ಹಿರಿಯನ ಜಗಲಿಗೆ ಹೋಯಿತು.

ಅವಳು ಬರಿಗೈಯಲ್ಲಿ ಹೋಗಲಿಲ್ಲ. ಬೇಲಿಯಿಂದ ಚಿಪ್ಪಿಲ್ಲದ ಬಸವನಹುಳುವೊಂದನ್ನು ಎಲೆಯಲ್ಲಿ ಸುತ್ತಿ ತಂದಳು. ಬಲೆಯವರಿಂದ ಕಪ್ಪೆ ಬೊಂಡಾಸು ಎಂಬ, ಹೊರಗೆ ಚಿಪ್ಪಿಲ್ಲದ ಹತ್ತು ತೋಳಿನ ಕಡಲಜೀವಿಯೊಂದನ್ನು ಬೇಡಿ ತಂದಳು. ಎರಡನ್ನೂ ತೆರೆದ ಬಳಚಿನ ಪಕ್ಕದಲ್ಲಿಟ್ಟು, "ಈ ಮೂರೂ ಒಂದೇ ಬಳಗ, ಒಡೆಯಾ" ಎಂದಳು.

"ನಿನ್ನ ತಲೆ! ಚಿಪ್ಪೇ ಇಲ್ಲದ್ದು ಯಾವ ಬಳಗ?" ಎಂದು ಸುಣ್ಣದವ ನಕ್ಕ.

ಅವಳು ಬೊಂಡಾಸಿನ ಬೆನ್ನು ಸೀಳಿ ಬೆಳ್ಳನೆಯ ಹಲಗೆಯಂಥದ್ದೊಂದನ್ನು ಎಳೆದು ಅವನ ಕೈಗಿಟ್ಟಳು. ಅವನು ಉಗುರಿನಿಂದ ಕೆರೆದ. ಪುಡಿ ಉದುರಿತು. ಸುಣ್ಣದವನಿಗೆ ಸುಣ್ಣ ಗೊತ್ತಾಗದೆ ಇರುತ್ತದೆಯೇ? ಮುಖದ ನಗು ಇಳಿಯಿತು.

"ಬಳಚು ಚಿಪ್ಪನ್ನು ಹೊರಗೆ ಹೊತ್ತಿದೆ. ಇದು ಒಳಗೆ ಬಚ್ಚಿಟ್ಟಿದೆ. ಬೇಲಿಯದು ಬೇಡವೆಂದು ಬಿಟ್ಟೇಬಿಟ್ಟಿದೆ. ಮೂರರಲ್ಲೂ ಇರುವುದೇನು, ನೀನೇ ಮುಟ್ಟಿ ಹೇಳು ಮಾರಾಯ."

ಅವನು ಒಂದೊಂದನ್ನೇ ಬೆರಳಿನಿಂದ ಒತ್ತಿದ. ಮತ್ತೊಮ್ಮೆ ಒತ್ತಿದ. "ಮೆತ್ತಗಿನ ಮೈ" ಎಂದು ಗೊಣಗಿದ.

"ಜೋರಾಗಿ ಹೇಳು, ಒಡೆಯರಿಗೆ ಕಿವಿ ಮಂದ."

ಹಿರಿಯ ನಕ್ಕು ಬುಟ್ಟಿಯನ್ನು ಅವಳತ್ತ ತಳ್ಳಿದ. ಅವಳ ಮನೆಯ ಒಲೆ ಹೊತ್ತಿತು.

"ಓದಿದವರು ಮಾಡಿದ್ದೂ ಅದನ್ನೇ" ಎಂದರು ಗುರು. "ಲ್ಯಾಟಿನ್ನಿನಲ್ಲಿ ಮೊಲ್ಲಿಸ್ ಎಂದರೆ ಮೆತ್ತಗಿನದು, ಅದರಿಂದ ಮೊಲಸ್ಕ್ ಎಂಬ ಹೆಸರು ಬಂತು. ನಮ್ಮವರು ಮೃದ್ವಂಗಿ ಎಂದರು. ಬಸವನಹುಳು, ಶಂಖದ ಹುಳು, ಬೊಂಡಾಸು, ಎಲ್ಲವೂ ಆ ಹೆಸರಿನೊಳಗೇ ಬಂದವು."

ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ. ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದ. "ಆದರೆ ಗುರುಗಳೇ, ಮೆತ್ತಗಿನದು ನಾಳೆಗೆ ಕೊಳೆತುಹೋಗುತ್ತದೆ. ಉಳಿಯುವುದು ಇದು. ಹೆಸರಿಡುವುದಾದರೆ ಉಳಿಯುವುದನ್ನು ನೋಡಿ ಇಡಬೇಕಲ್ಲವೇ?"

ಗುರು ನಿಂತರು.

"ಕೊನೆಗೆ ನಿನ್ನಲ್ಲಿ ಉಳಿಯುವುದೂ ಮೂಳೆಯೇ, ತಿಪ್ಪೇಶ, ಈಗ ನಾನು ಕರೆದರೆ ಓಗೊಡುವುದು ಅದೇ ಏನು?"